ಹನ್ನೆರಡು ಮಂದಿ ಶಿಷ್ಯರು, ಹತ್ತು ಹತ್ತು ನಿಮಿಷ

ಹಿಂದುಸ್ತಾನಿ ಸಂಗೀತದ ಗುರುಗಳ ಪುಣ್ಯತಿಥಿಗೆ ಶಿಷ್ಯರು ಹಾಡಲೇಬೇಕು. ಆದರೆ ಎಲ್ಲರೂ ಒಂದೇ ಸಂಜೆ, ತಲೆಗೆ ಹತ್ತು ನಿಮಿಷದಂತೆ ಹಾಡುವ ಪದ್ಧತಿ ನಿಲ್ಲಬೇಕು. ವಿಲಂಬಿತ ಏಕತಾಲದ (ನಿಧಾನ ಗತಿಯ ಹನ್ನೆರಡು ಮಾತ್ರೆಯ ತಾಳದ) ಒಂದು ಸುತ್ತಿಗೇ, ಅಂದರೆ ಆವರ್ತನಕ್ಕೇ, ಮುಕ್ಕಾಲು ನಿಮಿಷ ಹಿಡಿಯುತ್ತದೆ. ಗಾಯಕ ಪಂಚಮ ಮುಟ್ಟುವಷ್ಟರಲ್ಲಿ ನಿರೂಪಕರು ಶಾಲು ಹಿಡಿದು ಪಕ್ಕದಲ್ಲಿ ನಿಂತಿರುತ್ತಾರೆ. ಅಂತರಾ, ಅಂದರೆ ಎರಡನೆಯ ಭಾಗವೇ ಇಲ್ಲದ ಬಂದಿಶ್ (ಹಾಡುವ ರಚನೆ) ಎಂಥ ಗುರುಕಾಣಿಕೆ?

ಕುಂದಗೋಳದ ಗಾಯಕ ಸವಾಯಿ ಗಂಧರ್ವರು ತೀರಿಕೊಂಡದ್ದು 1952ರಲ್ಲಿ. ಮರುವರ್ಷ ಪುಣೆಯಲ್ಲಿ ಅವರ ಹೆಸರಲ್ಲಿ ಶುರುವಾದ ಉತ್ಸವವನ್ನು ಶಿಷ್ಯ ಭೀಮಸೇನ ಜೋಶಿಯವರು ದಶಕಗಟ್ಟಲೆ ಹೊತ್ತು ನಡೆಸಿದರು. ಅಲ್ಲಿ ರಾತ್ರಿಯಿಡೀ ಹಾಡುವ ಪುರುಸೊತ್ತಿತ್ತು. ಈಗ ಬಯಲಲ್ಲಿ ರಾತ್ರಿ 10ಕ್ಕೆ ಧ್ವನಿವರ್ಧಕ ಬಂದ್. ತಡರಾತ್ರಿಯ ರಾಗಗಳಾದ ಮಾಲಕಂಸ್, ದರ್ಬಾರಿ ಬೇಕೆಂದರೆ ಮುಚ್ಚಿದ ಸಭಾಂಗಣ ಹಿಡಿಯಿರಿ.

ಸಂಜೆ 6ರಿಂದ 10 ಅಂದರೆ 240 ನಿಮಿಷ. ಒಬ್ಬರಿಗೆ 40, ಶ್ರುತಿ ಮಾಡಿಕೊಳ್ಳಲು 10. ನಾಲ್ವರೇ ಸಾಕು, ಉಳಿದವರು ಮುಂದಿನ ವರ್ಷ. ಸರದಿಯನ್ನು ಹಿರಿತನ ನೋಡಿ ಹಾಕಬೇಡಿ (ಮುನಿಸು ಹೇಗೂ ತಪ್ಪಿದ್ದಲ್ಲ), ಶ್ರುತಿ ನೋಡಿ ಹಾಕಿ. ಕಪ್ಪು ಒಂದರಲ್ಲಿ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿಯಲ್ಲಿ) ಹಾಡುವ ಗಂಡಸರು ಒಟ್ಟಿಗೆ, ಎತ್ತರದ ಶ್ರುತಿಯ ಹೆಂಗಸರು ಒಟ್ಟಿಗೆ. ಒಂದೇ ತಬಲಾವನ್ನು ಮೂರು-ನಾಲ್ಕು ಸ್ವರ ಏರಿಸಿ ಇಳಿಸಿದರೆ ನಾದ ಕೆಡುತ್ತದೆ, ಚರ್ಮ ಹರಿದರೂ ಹರಿಯಿತು. ಎರಡು ತಬಲಾ, ಎರಡು ಜೋಡಿ ತಂಬೂರಿ ಇರಲಿ. ತಂಬೂರಿಗಳನ್ನು ಗ್ರೀನ್ ರೂಮಿನ ಎಸಿಯಲ್ಲಿ ಮೇಳೈಸಿ ತಂದರೆ ವೇದಿಕೆಯ ದೀಪದ ಬಿಸಿಗೆ ತಂತಿ ಸಡಿಲಾಗಿ ಇಳಿಯುತ್ತದೆ. ಅರ್ಧ ಗಂಟೆ ಮೊದಲೇ ದೀಪ ಹಾಕಿಸಿ, ಅಲ್ಲೇ ಮೇಳೈಸಿ. ಪಂಚಮವಿಲ್ಲದ ಮಾಲಕಂಸಿಗೆ ಮೊದಲ ತಂತಿ ಪಂಚಮದಿಂದ ಮಧ್ಯಮಕ್ಕೆ ಇಳಿದಾಗ ಜೀವಾದ ಎಳೆಯನ್ನೂ (ತಂತಿಯ ಕೆಳಗೆ ಕುದುರೆಯ ಮೇಲಿಡುವ ದಾರವನ್ನೂ) ಸರಿಸಬೇಕು. ಇಲ್ಲದಿದ್ದರೆ ಜವಾರಿ, ಅಂದರೆ ತಂತಿಯ ಝೇಂಕಾರ, ಮಂಕು.

ಇನ್ನು ಶಿಷ್ಯರೆಲ್ಲ ಒಟ್ಟಿಗೆ ಹಾಡುವ ಸಾಮೂಹಿಕ ಗಾಯನ. ಎಲ್ಲರಿಗೂ ಒಂದೇ ಶ್ರುತಿ ಅಂದರೆ ಯಾರಿಗೂ ಒಗ್ಗದ ಶ್ರುತಿ. ಹೆಂಗಸರಿಗೆ ಮಂದ್ರದಲ್ಲಿ ದನಿ ಹೊರಡುವುದಿಲ್ಲ, ಗಂಡಸರು ತಾರದಲ್ಲಿ ಕಿರುಚುತ್ತಾರೆ. ಮಾಡಲೇಬೇಕಿದ್ದರೆ ಒಂದು ವಚನವೋ ದಾಸರ ಪದವೋ ಸಾಕು. ಪಲ್ಲವಿ ಎಲ್ಲರೂ, ಚರಣಗಳನ್ನು ಒಬ್ಬೊಬ್ಬರೇ.

ಕೊನೆಗೆ ಗುರುಗಳ ಧ್ವನಿಮುದ್ರಿಕೆ ಹಾಕುವುದಾದರೆ ಒಂದು ಎಚ್ಚರ. ಹಳೆಯ ಕ್ಯಾಸೆಟ್ಟಿನ ವೇಗ ಹೆಚ್ಚುಕಮ್ಮಿಯಾಗಿ ಶ್ರುತಿ ಅರ್ಧ ಸ್ವರ ಸರಿದಿರುತ್ತದೆ. ಆಗ ವೇದಿಕೆಯ ಎಲೆಕ್ಟ್ರಾನಿಕ್ ತಂಬೂರಿಯನ್ನು ಆಫ್ ಮಾಡಲು ಒಬ್ಬರಿಗೆ ಮೊದಲೇ ಹೇಳಿಡಿ.