ಬೀಗದ ಕೈ ಇಲ್ಲದ ಸುಖ

ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಆಸುಪಾಸಿನಲ್ಲಿ ಭಾನುವಾರ ಬೆಳಿಗ್ಗೆ ಹರಡಿಕೊಳ್ಳುವ ಸಂತೆಯನ್ನು ಮರ್ಯಾದಸ್ತರು ಸಂಡೇ ಬಜಾರ್ ಎನ್ನುತ್ತಾರೆ, ಉಳಿದವರು ಚೋರ್ ಬಜಾರ್ ಎನ್ನುತ್ತಾರೆ. ಅಲ್ಲಿ ಗೋಣಿತಟ್ಟಿನ ಮೇಲೆ ನಿಂತ ಗಡಿಯಾರ, ಒಂಟಿ ಬೂಟು, ಯಾವ ಟಿವಿಗೂ ಸೇರದ ರಿಮೋಟುಗಳ ನಡುವೆ ಬೀಗದ ಕೈ ಕಳೆದುಕೊಂಡ ಬೀಗಗಳೂ ಇರುತ್ತವೆ. ಇವನ್ನು ಯಾವ ಪುಣ್ಯಾತ್ಮರು ಕೊಳ್ಳುತ್ತಾರೋ ಎಂದು ನಿಮಗೆ ಅನ್ನಿಸಿದ್ದರೆ, ನಾನು ಕೊಳ್ಳುತ್ತೇನೆ. ಚೌಕಾಸಿ ಮಾಡಿದರೆ ಹಿತ್ತಾಳೆಯ ಗುಜರಿ ಬೆಲೆಗೇ ಬರುತ್ತವೆ. ಮಾರುವವನಿಗೆ ನನ್ನ ಮೇಲೆ ಅನುಕಂಪ. ‘ಕೀ ಇಲ್ಲ ಅಮ್ಮಾ’ ಎಂದು ಒಂದಕ್ಕೆ ಎರಡು ಸಲ ಹೇಳುತ್ತಾನೆ. ಇದ್ದಿದ್ದರೆ ನಾನು ಕೊಳ್ಳುತ್ತಲೇ ಇರಲಿಲ್ಲ ಎಂದು ಅವನಿಗೆ ವಿವರಿಸುವ ಗೋಜಿಗೆ ನಾನು ಹೋಗುವುದಿಲ್ಲ.

ಬೀಗ ಬಿಡಿಸುವುದು ನನ್ನ ಹವ್ಯಾಸ ಎಂದರೆ ಜನ ಮೊದಲು ನಗುತ್ತಾರೆ, ಆಮೇಲೆ ಕೈಚೀಲವನ್ನು ಕಂಕುಳಿಗೆ ಕೊಂಚ ಒತ್ತಿ ಹಿಡಿಯುತ್ತಾರೆ. ಜರ್ಮನಿಯವರು ಇದಕ್ಕಾಗಿ 1997ರಲ್ಲೇ ಸಂಘ ಕಟ್ಟಿಕೊಂಡು, ಗಡಿಯಾರ ಹಿಡಿದು ಸ್ಪರ್ಧೆ ನಡೆಸುತ್ತಾರೆ. ನಮ್ಮ ಬೀದಿಯಲ್ಲಿ ಗಣಿತದ ಮೇಡಂ ನಿವೃತ್ತಿಯಾದ ಮೇಲೆ ಸ್ವೆಟರ್ ಹೆಣೆದರೆ ಸಹಜ, ಬೀಗ ಕೆದಕಿದರೆ ಏನೋ ಆಗಿದೆ ಎಂದರ್ಥ.

ಹೇರ್‌ಪಿನ್ನಿನ ಕಥೆಯನ್ನು ಮೊದಲು ಮುಗಿಸಿಬಿಡುತ್ತೇನೆ. ಸಿನಿಮಾದ ನಾಯಕಿ ಮುಡಿಯಿಂದ ಪಿನ್ನು ಸೆಳೆದು, ಬೀಗಕ್ಕೆ ತುರುಕಿ, ಎರಡು ಸಲ ಅಲ್ಲಾಡಿಸಿದರೆ ಕೊಂಡಿ ಕಳಚಿಕೊಳ್ಳುತ್ತದೆ, ಮುಡಿಯೂ ಕೆದರುವುದಿಲ್ಲ. ನಿಜದಲ್ಲಿ ಹೇರ್‌ಪಿನ್ನಿನಷ್ಟು ಹೇಡಿ ಲೋಹ ಇನ್ನೊಂದಿಲ್ಲ. ತುಸು ಒತ್ತಿದರೆ ಬಗ್ಗುತ್ತದೆ, ಬಗ್ಗಿದ್ದು ಹಾಗೆಯೇ ಉಳಿಯುತ್ತದೆ. ನಮಗೆ ಬೇಕಾದದ್ದು ಸ್ಪ್ರಿಂಗ್ ಉಕ್ಕು. ಅದು ಬಗ್ಗಬೇಕು, ಬಿಟ್ಟ ಕೂಡಲೇ ನೆಟ್ಟಗೆ ನಿಲ್ಲಬೇಕು.

ಅಂಥ ಉಕ್ಕು ಊರ ತುಂಬ ಬಿದ್ದಿದೆ ಎಂಬುದು ಈ ಹುಚ್ಚು ಹತ್ತಿದವರಿಗಷ್ಟೇ ಕಾಣುತ್ತದೆ. ಕಾರಿನ ಗಾಜು ಒರೆಸುವ ವೈಪರಿನ ರಬ್ಬರಿನ ಪಕ್ಕೆಯಲ್ಲಿ ಎರಡು ತೆಳ್ಳನೆಯ ಸ್ಟೇನ್‌ಲೆಸ್ ಪಟ್ಟಿಗಳು ಅಡಗಿರುತ್ತವೆ. ರಬ್ಬರು ಸವೆಯಿತೆಂದು ಗ್ಯಾರೇಜಿನವರು ಪಟ್ಟಿಗಳ ಸಮೇತ ಎಸೆಯುತ್ತಾರೆ. ಇಕ್ಕಳದಿಂದ ತುದಿಯನ್ನು ಮಡಿಸಿದರೆ ಬೀಗವನ್ನು ತಿರುಗಿಸುವ ಪಟ್ಟಿ ಸಿದ್ಧ. ಬೀಗದೊಳಗಿನ ಪಿನ್ನು ಎತ್ತುವ ಕಡ್ಡಿಗೆ ಮುರಿದ ಹ್ಯಾಕ್ಸಾ ಬ್ಲೇಡಾಗುತ್ತದೆ, ಆದರೆ ಅದು ಬೇಡುವ ತಾಳ್ಮೆ ದೊಡ್ಡದು. ಸಾಣೆಗೆ ಹಿಡಿಯುವಾಗ ಅವಸರ ಮಾಡಿದರೆ ಅಗ್ಗದ ಕಾರ್ಬನ್ ಉಕ್ಕಿನ ಬ್ಲೇಡು ಕಾದು ನೀಲಿಗೆ ತಿರುಗುತ್ತದೆ. ನೀಲಿಯಾಯಿತೆಂದರೆ ಹದ ಕೆಟ್ಟಿತು, ಮುಂದೆ ಅದು ಹೇರ್‌ಪಿನ್ನಿನ ದೊಡ್ಡಣ್ಣ. ಪಕ್ಕದಲ್ಲಿ ನೀರಿನ ಬಟ್ಟಲಿಟ್ಟುಕೊಂಡು, ಸಾಣೆಗೆ ಒಂದಿಷ್ಟು ಮುಟ್ಟಿಸಿ, ಕೂಡಲೇ ಅದ್ದಿ, ಮತ್ತೆ ಮುಟ್ಟಿಸಬೇಕು. ಕೊನೆಗೆ ಎಮರಿ ಕಾಗದದಿಂದ ಉಜ್ಜಿ ನಯ ಮಾಡದಿದ್ದರೆ ಒಳಗೆ ಪಿನ್ನಿಗೆ ಗೀರುತ್ತದೆ, ಕೈಗೆ ಸುಳ್ಳು ಸುದ್ದಿ ತರುತ್ತದೆ. ಛತ್ರಿಯ ಕಡ್ಡಿ, ಸೈಕಲ್ ಚಕ್ರದ ಕಡ್ಡಿ, ಇವಕ್ಕೂ ಅವುಗಳದ್ದೇ ಉಪಯೋಗಗಳಿವೆ. ಅಂಗಡಿಯಲ್ಲಿ ಮಾಡಿಟ್ಟ ಸೆಟ್ಟುಗಳೇ ಸಿಗುತ್ತವಲ್ಲ ಎಂದು ಮಗ ಹೇಳುತ್ತಾನೆ. ಸಿಗುತ್ತವೆ. ಅಂಗಡಿಯಲ್ಲಿ ಉಪ್ಪಿನಕಾಯಿಯೂ ಸಿಗುತ್ತದೆ.

ಬೀಗದೊಳಗೆ ನಡೆಯುವ ವ್ಯವಹಾರ ಸರಳ. ತಿರುಗುವ ಒಂದು ಉರುಳೆ, ಅದನ್ನು ತಿರುಗದಂತೆ ತಡೆದಿರುವ ಐದಾರು ಪಿನ್ನುಗಳು. ಪ್ರತಿ ಪಿನ್ನೂ ಎರಡು ತುಂಡು, ನೆತ್ತಿಯ ಮೇಲೊಂದು ಸ್ಪ್ರಿಂಗು. ಸರಿಯಾದ ಬೀಗದ ಕೈ ಒಳಹೊಕ್ಕರೆ ಅದರ ಹಲ್ಲುಗಳು ಎಲ್ಲ ಪಿನ್ನುಗಳ ಸಂದನ್ನೂ ಒಂದೇ ಗೆರೆಗೆ ತಂದು ನಿಲ್ಲಿಸುತ್ತವೆ, ಉರುಳೆ ತಿರುಗುತ್ತದೆ. ಇದಕ್ಕೆ ಈಗಿನ ರೂಪವನ್ನೂ ಚಪ್ಪಟೆಯ ಬೀಗದ ಕೈಯನ್ನೂ 1860ರ ದಶಕದಲ್ಲಿ ಕೊಟ್ಟವನು ಅಮೆರಿಕದ ಲೈನಸ್ ಯೇಲ್ ಜೂನಿಯರ್. ಮೂಲ ಉಪಾಯ ಮಾತ್ರ ಪ್ರಾಚೀನ ಈಜಿಪ್ಟಿನ ಮರದ ಅಗುಳಿಗಳಷ್ಟು ಹಳೆಯದು.

ಲೆಕ್ಕದ ಪ್ರಕಾರ ಈ ಬೀಗ ಸೋಲಬಾರದು. ಐದು ಪಿನ್ನು, ಒಂದೊಂದಕ್ಕೂ ಆರು ಎತ್ತರ ಎಂದಿಟ್ಟುಕೊಂಡರೆ 7,776 ಸಾಧ್ಯತೆಗಳು. ಎಲ್ಲವೂ ಏಕಕಾಲಕ್ಕೆ ಸರಿಯಾಗಬೇಕು. ಆದರೆ ಕಾರ್ಖಾನೆಯಲ್ಲಿ ಕೊರೆದ ರಂಧ್ರಗಳು ಎಷ್ಟೇ ಜಾಗ್ರತೆ ವಹಿಸಿದರೂ ಕೂದಲೆಳೆಯಷ್ಟು ಸಾಲು ತಪ್ಪಿರುತ್ತವೆ. ಉರುಳೆಯನ್ನು ಹಗುರವಾಗಿ ತಿರುಗಿಸಿ ಹಿಡಿದರೆ ಐದೂ ಪಿನ್ನು ಒಟ್ಟಿಗೆ ಬಿಗಿಯುವುದಿಲ್ಲ, ಯಾವುದೋ ಒಂದು ಮೊದಲು ಸಿಕ್ಕಿಕೊಳ್ಳುತ್ತದೆ. ಅದನ್ನು ಎತ್ತಿ ಕೂರಿಸಿದರೆ ಇನ್ನೊಂದು ಸಿಕ್ಕಿಕೊಳ್ಳುತ್ತದೆ. ಹೀಗೆ ಒಂದೊಂದಾಗಿ ಕೈಗೆ ಸಿಗುವಂತಾದರೆ ಹೆಚ್ಚೆಂದರೆ 30 ಎತ್ತರಗಳನ್ನು ನೋಡಿದರೆ ಸಾಕು. ಗುಣಾಕಾರವಾಗಿದ್ದದ್ದು ಸಂಕಲನವಾಗಿಬಿಟ್ಟಿತು! ತರಗತಿಯಲ್ಲಿ ಈ ಎರಡರ ನಡುವಿನ ಅಂತರವನ್ನು ಇಷ್ಟು ರುಚಿಯಾಗಿ ತೋರಿಸಲು ನನಗೆ ಯಾವ ಉದಾಹರಣೆಯೂ ಸಿಕ್ಕಿರಲಿಲ್ಲ. ಕಷ್ಟವಿರುವುದೆಲ್ಲ ಆ ಹಗುರತನದಲ್ಲಿ. ಸಕ್ಕರೆ ಪಾಕಕ್ಕೆ ಎಳೆ ಬಂತೋ ಇಲ್ಲವೋ ಎಂದು ಬೆರಳುಗಳ ನಡುವೆ ನೋಡುವಾಗಿನಷ್ಟೇ ಒತ್ತಡ ಸಾಕು. ಗಂಡಸರು ಸಾಮಾನ್ಯವಾಗಿ ಇಲ್ಲಿ ಸೋಲುತ್ತಾರೆ, ಬೀಗವನ್ನು ಗದರಿಸಲು ಹೋಗುತ್ತಾರೆ.

ಇದರಿಂದ ಕಳ್ಳರಿಗೆ ದಾರಿ ತೋರಿಸಿದಂತಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಕಳ್ಳನಿಗೆ ಇಷ್ಟು ಪುರುಸೊತ್ತು ಎಲ್ಲಿಂದ ಬರಬೇಕು? ಅವನು ಕಬ್ಬಿಣದ ಸಲಾಕೆ ತರುತ್ತಾನೆ, ಬೀಗದ ತಂಟೆಗೇ ಹೋಗದೆ ಚಿಲಕವನ್ನು ತಿರುಪುಗಳ ಸಮೇತ ಕೀಳುತ್ತಾನೆ. ಬೆಳಿಗ್ಗೆ ಪೊಲೀಸರು ಬಂದಾಗ ಬೀಗ ಕಿತ್ತ ಚಿಲಕದಲ್ಲಿ ಅಖಂಡವಾಗಿ, ಹಾಕಿದ ಹಾಗೆಯೇ ಇರುತ್ತದೆ. ಅವನಿಗೆ ಬೇಕಾದದ್ದು ಬೀಗದ ಆಚೆಗಿರುವುದು. ನನ್ನ ಬೀಗಗಳಿಗೆ ಆಚೆ ಎಂಬುದೇ ಇಲ್ಲ. ಮೇಜಿನ ಅಂಚಿಗೆ ಬಿಗಿದ ಬೀಗ ತೆರೆದುಕೊಂಡರೆ ಆಚೆ ಕಡೆ ಸಿಗುವುದು ನಮ್ಮದೇ ಊಟದ ತಟ್ಟೆ.

ಕಸುಬನ್ನು ಪ್ರೀತಿಸಿದ ಕಳ್ಳನೊಬ್ಬನಿದ್ದ, ಶೂದ್ರಕನ ‘ಮೃಚ್ಛಕಟಿಕ’ದ ಶರ್ವಿಲಕ. ಚಾರುದತ್ತನ ಮನೆಗೆ ಕನ್ನ ಹಾಕಲು ಬಂದವನು ಅಳತೆಯ ದಾರವನ್ನೇ ಮರೆತು ಬಂದಿರುತ್ತಾನೆ. ಆದರೇನು, ಜನಿವಾರವಿದೆಯಲ್ಲ! ಗೋಡೆ ಅಳೆಯಲೂ ಆಯಿತು, ಒಡವೆಯ ಕೊಂಡಿ ಬಿಡಿಸಲೂ ಆಯಿತು, ಯಂತ್ರದಿಂದ ಭದ್ರಪಡಿಸಿದ ಕದ ತೆರೆಯಲೂ ಆಯಿತು, ಹಾವು ಕಚ್ಚಿದರೆ ಕಟ್ಟು ಕಟ್ಟಲೂ ಆಯಿತು ಎಂದು ಅದರ ಗುಣಗಾನ ಮಾಡುತ್ತಾನೆ. ಕೈಗೆ ಸಿಕ್ಕಿದ್ದನ್ನೇ ಸಲಕರಣೆ ಮಾಡಿಕೊಳ್ಳುವ ನಮ್ಮ ಪಂಥಕ್ಕೆ ಇವನೇ ಮೂಲಪುರುಷ. ಕನ್ನದ ಆಕಾರ ಹೇಗಿರಬೇಕೆಂದು ಯೋಚಿಸಿ, ನಾಳೆ ಊರವರು ನೋಡಿ ಬೆರಗಾಗಬೇಕೆಂದು ಪೂರ್ಣಕುಂಭದ ಆಕಾರವನ್ನು ಆರಿಸುತ್ತಾನೆ. ಇಂಥವನು ಕಳ್ಳತನದಲ್ಲಿ ಉದ್ಧಾರವಾಗುವುದು ಕಷ್ಟ.

ಈ ಪಂಥದ ಇನ್ನೊಬ್ಬ ಹಿರಿಯ ಅಮೆರಿಕದ ಆಲ್‌ಫ್ರೆಡ್ ಚಾರ್ಲ್ಸ್ ಹಾಬ್ಸ್. ಲಂಡನ್ನಿನ ಜೋಸೆಫ್ ಬ್ರಾಮಾ ಎಂಬವನು (ನೀರು ಸುರಿದು ತೊಳೆಯುವ ಪಾಯಿಖಾನೆಗೆ 1778ರಲ್ಲಿ ಪೇಟೆಂಟ್ ಪಡೆದವನೂ ಇವನೇ) ತಾನು ರೂಪಿಸಿದ ಒಂದು ಬೀಗವನ್ನು ಪಿಕಡಿಲಿಯ ತನ್ನ ಅಂಗಡಿಯ ಕಿಟಕಿಯಲ್ಲಿಟ್ಟು, ಇದನ್ನು ಬಿಡಿಸುವ ಸಲಕರಣೆ ಮಾಡಿ ತೋರಿಸಿದವರಿಗೆ 200 ಗಿನಿ ಎಂದು ಫಲಕ ಹಾಕಿದ. ಬ್ರಾಮಾ ತೀರಿಕೊಂಡ, ಫಲಕ ಉಳಿಯಿತು. 1851ರ ಮಹಾ ಪ್ರದರ್ಶನಕ್ಕೆಂದು ಲಂಡನ್ನಿಗೆ ಬಂದ ಹಾಬ್ಸ್, ಮುಟ್ಟಿದರೆ ಮಾಲೀಕನಿಗೆ ಚಾಡಿ ಹೇಳುತ್ತದೆಂದು ಹೆಸರಾಗಿದ್ದ ಚಬ್ ಕಂಪನಿಯ ಬೀಗವನ್ನು ಮೊದಲು 25 ನಿಮಿಷದಲ್ಲಿ ಬಿಡಿಸಿದ. ಆಮೇಲೆ ಬ್ರಾಮಾ ಬೀಗದ ಮುಂದೆ ಕುಳಿತ. 16 ದಿನಗಳಲ್ಲಿ 50ಕ್ಕೂ ಹೆಚ್ಚು ಗಂಟೆ ಬಗ್ಗಿ ಕುಳಿತು ಅದನ್ನೂ ತೆರೆದ. ಬ್ರಾಮಾ ಕಂಪನಿಯವರು ಗೊಣಗಿಕೊಂಡೇ ಹಣ ಕೊಟ್ಟರು. ಆ ಪತ್ರಿಕಾ ಗದ್ದಲವೆಲ್ಲ ಇರಲಿ, ನನಗೆ ತಿಳಿಯಬೇಕೆನಿಸುವುದು ಬೇರೆ. ಕೊಂಡಿ ಬಿಟ್ಟ ಮರುಕ್ಷಣ ಅವನಿಗೆ ಸ್ವಲ್ಪ ಬೇಸರವಾಯಿತೇ? ನನಗೆ ಆಗುತ್ತದೆ.

ಹವ್ಯಾಸಿಗಳ ಕಟ್ಟಳೆಗಳು ಎರಡೇ. ನಿಮ್ಮದಲ್ಲದ ಬೀಗವನ್ನು ಮುಟ್ಟಬಾರದು. ನಿಮ್ಮದೇ ಆದರೂ ಬಳಕೆಯಲ್ಲಿರುವುದನ್ನು ಮುಟ್ಟಬಾರದು. ಒಳಗೆ ಏನಾದರೂ ಸಿಕ್ಕಿಕೊಂಡರೆ ರಾತ್ರಿ ಜಗುಲಿಯ ಮೇಲೆಯೇ.

ನನ್ನ ಪಾಲಿಗೆ ಇನ್ನೂ ಜಗ್ಗದಿರುವುದು ತಮಿಳುನಾಡಿನ ದಿಂಡಿಗಲ್ಲಿನ ಬೀಗ. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ, ಕೈಯಿಂದಲೇ ಮಾಡುವ ಭಾರಿ ಬೀಗ ಅದು. ಒಳಗೆ ಪಿನ್ನುಗಳ ಬದಲು ಲಿವರುಗಳು, ಎಂದರೆ ಎತ್ತಿ ಕೂರಿಸಬೇಕಾದ ಚಪ್ಪಟೆ ಲೋಹದ ಪಟ್ಟಿಗಳು. ನನ್ನ ಛತ್ರಿ ಕಡ್ಡಿ ಬಗ್ಗಿತು, ಬೀಗ ಬಗ್ಗಲಿಲ್ಲ. ಎದುರುಮನೆಯ ಯಜಮಾನರು ಒಂದು ದಿನ ಗೇಟಿನ ಬಳಿ ನಿಂತು, ‘ಮೇಡಂ, ನಿಮ್ಮಿಂದಲೂ ತೆಗೆಯಲಾಗದ ಬೀಗ ಅಂತ ಯಾವುದಾದರೂ ಇದೆಯೇ?’ ಎಂದು ನಯವಾಗಿ ವಿಚಾರಿಸಿದರು. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಮುಂದಿನ ತಿಂಗಳು ಅವರ ಬಾಗಿಲಿನಲ್ಲಿ ತೆಂಗಿನಕಾಯಿ ಗಾತ್ರದ ದಿಂಡಿಗಲ್ ಬೀಗ ನೇತಾಡಿತು. ಅದನ್ನು ಜಗ್ಗಿ ನೋಡಿ, ಕುಟುಂಬ ಸಮೇತ ಧರ್ಮಸ್ಥಳಕ್ಕೆ ಹೊರಟವರು ಆಟೋ ಹತ್ತುವ ಮುನ್ನ ನನ್ನನ್ನು ಕರೆದರು. ‘ಮೇಡಂ, ಹಾಲಿನವನು ಬಂದರೆ ದಯವಿಟ್ಟು ಪಾಕೆಟ್ಟನ್ನು ನಮ್ಮ ಫ್ರಿಜ್ಜಿನಲ್ಲಿಟ್ಟುಬಿಡಿ. ಬೀಗದ ಕೈ ಮೀಟರ್ ಪೆಟ್ಟಿಗೆಯ ಮೇಲಿದೆ.’