ನಾಲ್ಕನೇ ತ್ರಿಕೋಣ

ಮೇ ತಿಂಗಳಲ್ಲಿ ಬಳ್ಳಾರಿಯ ಮನೆಯೊಂದರಲ್ಲಿ ಫ್ಯಾನು ನಿಂತಿದೆ ಅಂದರೆ ಎರಡೇ ಕಾರಣ. ಒಂದೋ ಕರೆಂಟು ಹೋಗಿದೆ, ಇಲ್ಲಾ ಯಾರೋ ದೇವರ ದೀಪ ಹಚ್ಚುತ್ತಿದ್ದಾರೆ. ಮೂರನೆಯ ಕಾರಣ ನಮ್ಮ ಸೋದರಮಾವ.

ಮೊನ್ನೆ ಭಾನುವಾರ ಮಧ್ಯಾಹ್ನ ಅವರ ಮನೆಯ ಪಡಸಾಲೆಯಲ್ಲಿ ಒಂದೂಮುಕ್ಕಾಲು ಗಂಟೆ ಫ್ಯಾನಿಲ್ಲದೆ ಕೂತು ಬಂದಿದ್ದೇನೆ. ಇದನ್ನು ಬರೆಯುವಾಗಲೂ ಬೆನ್ನ ಮೇಲೆ ಬೆವರುಸಾಲೆ ಚುರುಗುಡುತ್ತಿದೆ. ಕೂತಿದ್ದು ಯಾಕೆ ಅಂದರೆ, ಒಂದೇ ಹಾಡನ್ನು ನಾಲ್ಕು ಗ್ರಾಮಫೋನ್ ಪ್ಲೇಟಿನಲ್ಲಿ ಕೇಳಿ ಯಾವುದರಲ್ಲಿ ಚಂದ ಕೇಳಿಸುತ್ತದೆ ಅಂತ ತೀರ್ಪು ಕೊಡಬೇಕಿತ್ತು. ಕೂಲರ್ ಬಂದ್. ಕಿಟಕಿ ಬಂದ್. ಫ್ರಿಜ್ಜಿನ ಪ್ಲಗ್ಗಿಗೂ ಮಾಮ ಕೈ ಹಾಕಿದ್ದರು. ಅಡುಗೆಮನೆಯಿಂದ ಅತ್ತಿ, "ಹಾಲು ಒಡೀತು ಅಂದ್ರ ನಾಳಿ ಚಾ ಇಲ್ಲ ನೋಡ್ರಿ" ಅಂದಿದ್ದಕ್ಕೆ ಅದೊಂದು ಬಚಾವಾಯಿತು.

ಮಾಮ ಸಂಡೂರಿನ ಕಡೆ ಗಣಿ ಕಚೇರಿಯೊಂದರಲ್ಲಿ ಲೆಕ್ಕ ಬರೆದು ನಿವೃತ್ತರಾದವರು. ಬೆಂಗಳೂರಿನಲ್ಲಿ ಬಿ.ಕಾಂ. ಓದುವಾಗ, 1979ರಲ್ಲಿ, ಹಾಸ್ಟೆಲಿನ ಮೆಸ್ ಬಿಲ್ಲಿನ ದುಡ್ಡಲ್ಲಿ ಇಂಗ್ಲೆಂಡಿನ ಸಂಗೀತ ತಂಡ ಪಿಂಕ್ ಫ್ಲಾಯ್ಡ್‌ನ 'ದ ಡಾರ್ಕ್ ಸೈಡ್ ಆಫ್ ದ ಮೂನ್' ಆಲ್ಬಮ್ಮು ಕೊಂಡುಬಿಟ್ಟರು. ಕಲ್ಕತ್ತೆಯ ದಮ್ ದಮ್ ಕಾರ್ಖಾನೆಯಲ್ಲಿ ಒತ್ತಿದ ಪ್ಲೇಟು. ಆ ತಿಂಗಳೆಲ್ಲ ಬನ್ನು ತಿಂದೇ ಬದುಕಿದರಂತೆ. ರಾಕ್ ಸಂಗೀತ ಅಂತ ಮದುವೆಯಾದ ಹೊಸತರಲ್ಲಿ ಗಂಡ ಹೇಳಿದಾಗ ಅತ್ತಿ ಕಿಟಕಿಯಿಂದ ಕೋಟೆ ಗುಡ್ಡದ ಬಂಡೆ ನೋಡಿ, "ಇದ್ರಾಗ ಹಾಡೋದೇನೈತಿ" ಅಂದಿದ್ದರಂತೆ. ಆ ಪ್ರಶ್ನೆಗೆ ಇವತ್ತಿನವರೆಗೂ ಅವರಿಗೆ ಸಮಾಧಾನದ ಉತ್ತರ ಸಿಕ್ಕಿಲ್ಲ.

ಒಂದು ಪ್ಲೇಟಿದ್ದಿದ್ದರೆ ತೊಂದರೆ ಇರಲಿಲ್ಲ. ಈ ಕಂಪನಿಗಳವರು ಹಳೇ ಹಾಡಿನ ಟೇಪನ್ನು ಕಪಾಟಿನಿಂದ ತೆಗೆದು, ಒರೆಸಿ, ಸದ್ದು ಹದಗೊಳಿಸಿ ಮತ್ತೆ ಮಾಸ್ಟರ್ ಮಾಡಿ, ಹತ್ತು ವರ್ಷಕ್ಕೊಮ್ಮೆ ಹೊಸದಾಗಿ ಬಿಡುತ್ತಾರೆ. ಆಲ್ಬಮ್ಮು ಬಂದದ್ದು 1973ರಲ್ಲಿ. 30 ವರ್ಷ ತುಂಬಿತು ಅಂತ 2003ರಲ್ಲಿ ಒಂದು ಬಂತು, 2016ರಲ್ಲಿ ಇನ್ನೊಂದು, 50 ತುಂಬಿದ್ದಕ್ಕೆ 2023ರಲ್ಲಿ ಮತ್ತೊಂದು. ಮೂರಕ್ಕೂ ಅದೇ ಹೊದಿಕೆ: ಕಪ್ಪು ಹಿನ್ನೆಲೆ, ನಡುವೆ ಗಾಜಿನ ತ್ರಿಕೋಣ, ಒಂದು ಕಡೆಯಿಂದ ಬಿಳಿ ಬೆಳಕು ಹೊಕ್ಕು ಇನ್ನೊಂದು ಕಡೆ ಬಣ್ಣಬಣ್ಣವಾಗಿ ಹೊರಬರುತ್ತದೆ. ಅತ್ತಿಗೆ ಅದನ್ನು ಕಂಡರೆ ಸರ್ಕಾರಿ ಆಸ್ಪತ್ರೆ ಗೋಡೆಯ ಕುಟುಂಬ ಯೋಜನೆಯ ಕೆಂಪು ತ್ರಿಕೋಣ ನೆನಪಾಗುತ್ತದೆ. "ಎರಡೇ ಸಾಕು ಅಂತ ಆ ತ್ರಿಕೋಣ ಹೇಳ್ತಿತ್ತು. ಇವರು ತ್ರಿಕೋಣಾನ ನಾಕು ಹಡದು ಕುಂತಾರ."

ನಾಲ್ಕನೆಯದಕ್ಕೆ 3,500 ರೂಪಾಯಿ. 180 ಗ್ರಾಂ ತೂಕದ ಪ್ಲೇಟು ಅಂತ ಮಾಮ ಹೆಮ್ಮೆಯಿಂದ ಅಂದರೆ ಅತ್ತಿ ಅಲ್ಲೇ ಬೆರಳೆಣಿಸಿ, "ಹದಿನೈದು ತೊಲಿ" ಅಂದರು. ಅವರಿಗೆ ಗ್ರಾಂ ಲೆಕ್ಕ ಒಂದೇ ವಸ್ತುವಿಗೆ ಗೊತ್ತು. ನನಗೂ ಈ ತೂಕದ ಜಂಬ ಅರ್ಥವಾಗಿಲ್ಲ. ಸೂಜಿ ಓಡಾಡುವುದು ಪ್ಲೇಟಿನ ಮೈಮೇಲಿನ ಗೆರೆಯಲ್ಲಿ. ಕೆಳಗೆ ಎಷ್ಟು ದಪ್ಪ ಪ್ಲಾಸ್ಟಿಕ್ ಇದ್ದರೆ ಅದಕ್ಕೇನು? ದಪ್ಪ ರೊಟ್ಟಿ ಅಂದ ಮಾತ್ರಕ್ಕೆ ಎಣ್ಣೆಗಾಯಿ ರುಚಿಯಾಗುತ್ತದೆಯೆ? ಆದರೆ ಇದನ್ನು ಮಾಮನ ಎದುರಿಗೆ ಆಡಿದರೆ ಇನ್ನೊಂದು ರಾಕ್ ತಂಡ ಲೆಡ್ ಜೆಪ್ಪೆಲಿನ್‌ನಿಂದ ಶುರುಮಾಡುತ್ತಾರೆ. ಅವರ ಎರಡನೇ ಆಲ್ಬಮ್ಮನ್ನು 1969ರಲ್ಲಿ ಬಾಬ್ ಲಡ್ವಿಗ್ ಎಂಬ ಎಂಜಿನಿಯರ್ ಎಷ್ಟು ಜೋರು ಸದ್ದಿನ ಗೆರೆಯಾಗಿ ಕೊರೆದಿದ್ದನೆಂದರೆ ಅಗ್ಗದ ಪ್ಲೇಯರುಗಳಲ್ಲಿ ಸೂಜಿ ಗೆರೆಬಿಟ್ಟು ಹಾರುತ್ತಿತ್ತು, ಕಂಪನಿ ಹೆದರಿ ಮೆತ್ತಗೆ ಮಾಡಿ ಮತ್ತೆ ಕೊರೆಸಿತು. ಹಾರುವ ಪ್ಲೇಟಿಗೆ ಈಗ ಬಂಗಾರದ ಬೆಲೆ. ಅದನ್ನು ಗುರುತಿಸಲು ಪ್ಲೇಟಿನ ನಡುವಿನ ಲೇಬಲ್ ಪಕ್ಕದ ಖಾಲಿ ಜಾಗದಲ್ಲಿ ಲಡ್ವಿಗ್ (ಪೂರ್ತಿ ಹೆಸರು ರಾಬರ್ಟ್ ಲಡ್ವಿಗ್) ಗೀಚಿದ 'ಆರ್‌ಎಲ್' ಅಕ್ಷರ ಹುಡುಕಬೇಕು. ಮಾಮ ಹೋದಬಂದ ಕಡೆಯೆಲ್ಲ ಗುಜರಿ ಅಂಗಡಿಯಲ್ಲಿ ಭೂತಕನ್ನಡಿ ಹಿಡಿದು ಹುಡುಕಿದ್ದಾರೆ. ಸಿಕ್ಕಿದ್ದು ಭಕ್ತಿಗೀತೆ.

ಅವರು ಒಮ್ಮೆ ಮಾತ್ರ ಸೋತು ಕೂತಿದ್ದು ನೋಡಿದ್ದೇನೆ. ಅಮೆರಿಕದ ಹೆಸರಾಂತ ಕಂಪನಿಯೊಂದು ಹಳೇ ಆಲ್ಬಮ್ಮುಗಳನ್ನು ಮೂಲ ಟೇಪಿನಿಂದ ಒತ್ತಿದ್ದು ಅಂತ ದುಬಾರಿ ಬೆಲೆಗೆ ಮಾರುತ್ತಿತ್ತು. ಕೊಂಡವರೆಲ್ಲ ನಡುವೆ ಡಿಜಿಟಲ್‌ನ ಸೋಂಕೇ ಇಲ್ಲ ಅಂತ ನಂಬಿ, ಆಹಾ, ಇದಪ್ಪಾ ಶುದ್ಧ ಅಂತ ಮೆಚ್ಚಿ ತಲೆದೂಗಿದರು. 2022ರಲ್ಲಿ ಬಯಲಾಯಿತು: 2011ರಿಂದಲೇ ಎಷ್ಟೋ ಪ್ಲೇಟುಗಳಿಗೆ ನಡುವೆ ಡಿಜಿಟಲ್ ಕಾಪಿ ಮಾಡಿಕೊಳ್ಳುತ್ತಿದ್ದರು. ಮಾಮನ ಹತ್ತಿರವೂ ಅವರದೊಂದು ಪ್ಲೇಟಿತ್ತು. ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಅತ್ತಿ ಮಾತ್ರ ಬೇರೆಯೇ ಕಡೆ ಬೆರಳಿಟ್ಟರು. "ಹತ್ತು ವರ್ಷ ಹಾಲಿಗೆ ನೀರು ಹಾಕ್ಯಾನ. ಕುಡಿದೋರ ಒಬ್ಬರಿಗೂ ಗೊತ್ತಾಗಿಲ್ಲ. ಗೌಳಿಗ ಯಾಕ ಬೈತೀರಿ, ನಾಲಿಗಿ ಯಾರದು?" ಮಾಮ ಉತ್ತರ ಕೊಡಲಿಲ್ಲ. ಇದೊಂದು ಪ್ರಶ್ನೆಗೆ ಉತ್ತರ ಕೊಡಲೆಂದೇ ಈ ಕಣ್ಣುಕಟ್ಟಿ ಕೇಳುವ ಪರೀಕ್ಷೆ ಶುರುವಾದದ್ದು ಅಂತ ನನ್ನ ಅನುಮಾನ.

ಭಾನುವಾರವೇ ಯಾಕೆ ಅಂದರೆ ಪಕ್ಕದ ಮನೆಯಲ್ಲಿ ಜೀನ್ಸ್ ಹೊಲಿಯುವ ಮಿಷನ್ನುಗಳಿಗೆ ಅವತ್ತು ರಜೆ. ಮಧ್ಯಾಹ್ನವೇ ಯಾಕೆ ಅಂದರೆ ಆ ಬಿಸಿಲಿಗೆ ನಾಯಿ ಕೂಡ ಬೊಗಳುವುದಿಲ್ಲ. ಗೋಡೆ ಗಡಿಯಾರದ ಟಿಕ್‌ಟಿಕ್ ಅಡ್ಡಬರುತ್ತದೆಂದು ಮಾಮ ಸ್ಟೂಲು ಹತ್ತಿ ಅದರ ಸೆಲ್ಲು ಬಿಚ್ಚಿದರು. ನಾವು ಹೋಲಿಸಬೇಕಿದ್ದ ಹಾಡು 'ಟೈಮ್'. ಅದರ ಆರಂಭದಲ್ಲಿ ಹತ್ತಾರು ಗಡಿಯಾರ ಒಟ್ಟಿಗೆ ಬಡಿದುಕೊಳ್ಳುತ್ತವೆ. ಆ ಆಲ್ಬಮ್ಮಿನ ಎಂಜಿನಿಯರ್ ಅಲನ್ ಪಾರ್ಸನ್ಸ್ ಹಳೇ ಗಡಿಯಾರದ ಅಂಗಡಿಗೆ ಹೋಗಿ ಅವನ್ನು ಒಂದೊಂದಾಗಿ ರೆಕಾರ್ಡ್ ಮಾಡಿದ್ದಂತೆ. ಲಂಡನ್ನಿನ ಗಡಿಯಾರ ಸರಿಯಾಗಿ ಕೇಳಲಿ ಅಂತ ಬಳ್ಳಾರಿಯ ಗಡಿಯಾರ ಬಾಯಿ ಮುಚ್ಚಿಕೊಂಡಿತು.

ಮೊದಲು ಶುರುವಿನಿಂದ ಕೇಳುವುದು ಅಂತಾಯಿತು. ಮಾಮ ಪ್ಲೇಯರಿಗೆ ಬೆನ್ನು ಹಾಕಿ ಕುರ್ಚಿಯಲ್ಲಿ ಕೂತು, ಒದ್ದೆ ಟವಲ್ಲಿನಿಂದ ಕಣ್ಣು ಕಟ್ಟಿಕೊಂಡರು. (ಆ ಒದ್ದೆ ಟವಲ್ಲು ಕಂಡು ನನಗೆ ಹೊಟ್ಟೆಕಿಚ್ಚಾಯಿತು.) "ಯಾವುದು ಅಂತ ಹೇಳಬ್ಯಾಡ. ಹಾಕು. ಎದಿಬಡಿತದಿಂದ ಶುರು ಆಗ್ತೈತಿ. ಅದು ಖರೇ ಎದಿಬಡಿತ ಅಲ್ಲ ಮತ್ತ, ಬಾಸ್ ಡ್ರಮ್ಮು. ಸಣ್ಣಗ ಸಣ್ಣಗ ಮ್ಯಾಲ ಬರತೈತಿ. ಅದು ಬರೋ ರೀತಿ ಒಂದ ಸಾಕು ನನಗ, ಯಾವ ಪ್ಲೇಟು ಹೇಳಾಕ."

ನಾನು 2016ರದ್ದು ತೆಗೆದೆ. ಗೆರೆ ಮುಟ್ಟುವಂತಿಲ್ಲ, ಅಂಚು ಮಾತ್ರ ಹಿಡಿಯಬೇಕು. ಕೈ ಬೆವರಿನಿಂದ ಜಾರುತ್ತಿತ್ತು. ಪ್ಲೇಟು ಇಟ್ಟೆ, ಅದು ತಿರುಗತೊಡಗಿತು, ಸೂಜಿಯ ಕೈಯನ್ನು ಅಂಚಿನ ಮೇಲಕ್ಕೆ ತಂದು ನಿಲ್ಲಿಸಿದೆ. ಇಳಿಸುವ ಮೊದಲು ಬೆರಳೊರೆಸಿಕೊಳ್ಳೋಣ ಅಂತ ಪ್ಯಾಂಟಿಗೆ ತಿಕ್ಕುತ್ತಿದ್ದೆ.

ಧಡ್‌ಧಡ್. ಧಡ್‌ಧಡ್.

ಮಾಮನ ಬಲಗೈ ಮೇಲೆದ್ದಿತು. "ಹಾಂ… ಬಂತು."

ಸೂಜಿ ಗಾಳಿಯಲ್ಲೇ ಇತ್ತು. ನಾನು ಮಿಸುಕಾಡಲಿಲ್ಲ.

"ತಳ ಹೆಂಗೈತಿ ಕೇಳು. ಗಟ್ಟಿ. ದಮ್ ದಮ್ ಪ್ಲೇಟಿನ್ಯಾಗ ಇಷ್ಟು ತಳ ಇಲ್ಲ." ಧಡ್‌ಧಡ್. "ಇದು ಎದಿಗೆ ಬಂದು ಬಡೀತೈತಿ ನೋಡು, ಕಿವಿಗಲ್ಲ. 180 ಗ್ರಾಂ ಅಂದ್ರ ಇದು." ಧಡ್‌ಧಡ್, ಧಡ್. "ಸ್ವಲ್ಪ ಬಲಕ್ಕ ಕುಂದರಿಸ್ಯಾರ ಡ್ರಮ್ಮು."

ಬಲಕ್ಕೆ ಅಡುಗೆಮನೆ. ಅತ್ತಿ ಕಲ್ಲಿನ ಕುಟ್ಟಾಣಿಯಲ್ಲಿ ಶೇಂಗಾ ಚಟ್ನಿಪುಡಿ ಕುಟ್ಟುತ್ತಿದ್ದರು.

ಹೇಳಿಬಿಡಬೇಕು ಅಂತ ಬಾಯಿ ತೆರೆದೆ, ಆದರೆ ಮಾಮನ ಮುಖದ ಮೇಲಿನ ಸುಖ ನೋಡಿ ಬಾಯಿ ಮುಚ್ಚಿತು. ಸುಳ್ಳು ಯಾಕೆ, ಅರ್ಧ ಅದು, ಇನ್ನರ್ಧ ಇದು ಎಲ್ಲಿಯವರೆಗೆ ಹೋಗುತ್ತದೆ ನೋಡೋಣ ಅನ್ನುವ ಕೆಟ್ಟ ಬುದ್ಧಿ. ಕುಟ್ಟುವುದು ನಿಂತು ಬಳೆ ಘಲ್ ಅಂದವು. "ಓಹೋ, ಮ್ಯಾಲಿನ ಸದ್ದು! ಬೆಳ್ಳಿ ಇದ್ದಂಗ ಐತಿ." ಮತ್ತೆ ಕುಟ್ಟಾಣಿ. "2016. ಡೌಟೇ ಇಲ್ಲ. ಈ ಕತ್ತಲು, ಈ ಗಾಳಿ…" ಗಾಳಿ ಎಳೆದುಕೊಂಡರು. ಒಂದು ಕ್ಷಣ ಮೂಗು ಅರಳಿತು. ಗಾಳಿಯಲ್ಲಿ ಬೆಳ್ಳುಳ್ಳಿ ಇತ್ತು. ಆದರೂ ಶಾಸ್ತ್ರಜ್ಞನಾದವನು ಕಿವಿಯ ವಿಷಯದಲ್ಲಿ ಮೂಗನ್ನು ಕೇಳುತ್ತಾನೆಯೆ? "ಈಗ ತಡಿ. ಈಗ ಒಬ್ಬಾವ ಮಾತಾಡ್ತಾನ. ಬಹಳ ವರ್ಷದಿಂದ ನನಗ ಹುಚ್ಚು ಐತಿ ಅಂತಾನ. ಹಳೇ ಪ್ಲೇಟಿನ್ಯಾಗ ಅದು ಕೇಳ್ಸೂದೇ ಇಲ್ಲ. ಇದ್ರಾಗ ಸ್ಪಷ್ಟ ಬರಬೇಕು."

ಸ್ಪಷ್ಟ ಬಂತು.

"ಹುಚ್ಚು ಇವ್ರಿಗೆ. ಇವತ್ತಿಂದಲ್ಲ, ವರ್ಷಗಟ್ಟಲೆ ಆತು," ಅಂದಿತು ಬಲಗಡೆಯ ಧ್ವನಿ. "ಆ ಹುಡುಗನ್ನೂ ಉಪವಾಸ ಕೂಡಿಸ್ಯಾರ."

ಆ ಆಲ್ಬಮ್ಮು ಎಷ್ಟೋ ಸಲ ಮರುಹುಟ್ಟು ಪಡೆದಿರಬಹುದು, ಕನ್ನಡದಲ್ಲಿ ಮಾತ್ರ ಬಂದಿಲ್ಲ. ಮಾಮ ನಿಧಾನಕ್ಕೆ ಟವಲ್ಲು ಎತ್ತಿ ಹಿಂದೆ ತಿರುಗಿದರು. ಗಾಳಿಯಲ್ಲಿ ನಿಂತಿದ್ದ ಸೂಜಿ ನೋಡಿದರು. ನನ್ನನ್ನು ನೋಡಿದರು. ಅಡುಗೆಮನೆ ಕಡೆ ನೋಡಿದರು. ಪ್ಲೇಟು ಮಾತ್ರ ನಿಯತ್ತಾಗಿ ತಿರುಗುತ್ತಲೇ ಇತ್ತು.

"ಪ್ಲೇಟು 2016ರದ್ದೇ ಹೌದಲ್ಲೋ?" ಅಂದರು.

"ಹೌದು ಮಾಮ."

"ಹಂಗಾರ ಸರಿ," ಅಂತ ಮತ್ತೆ ಕಣ್ಣು ಕಟ್ಟಿಕೊಂಡರು.

ಪರೀಕ್ಷೆ ಮುಂದುವರಿಯಿತು. ಪ್ರತಿ ಪ್ಲೇಟಿಗೂ ಮುಂಚೆ ಕೂದಲಿನಂಥ ಬ್ರಷ್ಷಿನಿಂದ ಧೂಳು ತೆಗೆಯಬೇಕು. ಒಣ ಹವೆಗೆ ಪ್ಲೇಟಿನ ಮೈಯೆಲ್ಲ ಕರೆಂಟು ಹಿಡಿದು, ಧೂಳನ್ನು ಕರೆದು ಕರೆದು ಕೂರಿಸಿಕೊಳ್ಳುತ್ತದೆ. ಅದೂ ನಮ್ಮೂರ ಧೂಳು, ಅದಿರಿನ ಲಾರಿ ಉದುರಿಸಿ ಹೋದ ಕೆಂಪು. ಬಿಳಿ ಬನಿಯನ್ನು ಎರಡು ಸಲಕ್ಕೆ ಕಾವಿಯಾಗುವ ಊರು ಇದು. ಬ್ರಷ್ಷಿನ ತುದಿಗೆ ಬಂದ ಕೆಂಪು ಪುಡಿ ನೋಡಿ ಮಾಮ ಬೈಯಲಿಲ್ಲ, ಬೆರಳ ಮೇಲೆ ತಿಕ್ಕಿ ತೋರಿಸಿ, "ಮೂಲ ಟೇಪಿನ ಮ್ಯಾಲೆ ಬಳದಿದ್ದೂ ಇದ ನೋಡು, ಕಬ್ಬಿಣದ ತುಕ್ಕು. ಆ ಪುಡಿಯೊಳಗ ಹಾಡು ಕೂಡತೈತಿ" ಅಂದರು. ಮೂವತ್ತು ಚಿಲ್ಲರೆ ವರ್ಷ ಇದೇ ಪುಡಿಯ ಟನ್ನುಗಟ್ಟಲೆ ಲೆಕ್ಕ ಬರೆದ ಮನುಷ್ಯ. ಅದರಲ್ಲಿ ಒಂದು ಚಿಟಿಕೆ ಹಾಡಿಗೂ ಹೋಗುತ್ತದೆ ಅನ್ನುವುದನ್ನು ಕಚೇರಿಯಲ್ಲಿ ಯಾರಿಗೂ ಹೇಳಿರಲಿಕ್ಕಿಲ್ಲ.

ದಮ್ ದಮ್ ಪ್ಲೇಟಿನಲ್ಲಿ 'ಟೈಮ್' ಹಾಡಿನ ನಡುವೆ ಒಂದು ಗೀರು ಇದೆ. ಗೀರಿದ್ದು ನಾನು, ಐದು ವರ್ಷದವನಿದ್ದಾಗ, ಪ್ಲೇಟಿನ ಮೇಲೆ ಬುಗುರಿ ಆಡಿಸಲು ಹೋಗಿ. ಮಾಮ ಅವತ್ತು ನನಗೆ ಹೊಡೆಯಲಿಲ್ಲ, ಬುಗುರಿಯನ್ನು ಮಾತ್ರ ಅಟ್ಟದ ಮೇಲೆ ಎಸೆದರು. ನಿಮಿಷಕ್ಕೆ 33 ಸುತ್ತು, ಮೇಲೊಂದು ಮೂರನೇ ಒಂದು ಭಾಗ. ಅಂದರೆ ಹೆಚ್ಚುಕಡಿಮೆ 1.8 ಸೆಕೆಂಡಿಗೊಮ್ಮೆ ಟಕ್. ಆರೇಳು ಟಕ್ ಆದ ಮೇಲೆ ಹಾಡು ಮತ್ತೆ ನುಣ್ಣಗಾಗುತ್ತದೆ. ನಾನು ಬೆಳೆದದ್ದೇ ಆ ಟಕ್ ಕೇಳಿಕೊಂಡು. ಎಷ್ಟೋ ವರ್ಷ, ಮಿಕ್ಕ ಗಡಿಯಾರಗಳೆಲ್ಲ ಸುಮ್ಮನಾದ ಮೇಲೂ ಒಂದು ತಡವಾಗಿ ಬಡಿದುಕೊಳ್ಳುತ್ತದೆ ಅಂತಲೇ ತಿಳಿದಿದ್ದೆ.

2003ರ ಪ್ಲೇಟಿನಲ್ಲಿ ಆ ಜಾಗ ಬಂತು. ನಾನು ಹಲ್ಲು ಕಚ್ಚಿ ಕಾದೆ. ಹಾಡು ಸಲೀಸಾಗಿ ಹರಿದುಹೋಯಿತು, ಮೆಟ್ಟಿಲಿದೆ ಅಂತ ಕಾಲಿಟ್ಟಲ್ಲಿ ಮೆಟ್ಟಿಲೇ ಇಲ್ಲದ ಹಾಗೆ. ಮಾಮನ ಕಡೆ ನೋಡಿದೆ. ಕಣ್ಣು ಕಟ್ಟಿತ್ತು. ಕುರ್ಚಿಯ ಕೈಮೇಲೆ ತೋರುಬೆರಳು ಮಾತ್ರ ತನ್ನಷ್ಟಕ್ಕೆ ಬಡಿಯುತ್ತಿತ್ತು. ಟಕ್. ಒಂದು ಸುತ್ತು. ಟಕ್.

ಕೊನೆಗೆ ನಾಲ್ಕನೇ ತ್ರಿಕೋಣ. ಇದರ ಕವರನ್ನು ಮಾಮ ಅವತ್ತೇ ಮೊದಲ ಸಲ ಹರಿದದ್ದು. ಈ ಪಾರ್ಸೆಲ್ಲನ್ನು ಶನಿವಾರ ಕೊರಿಯರ್ ಆಫೀಸಿನಿಂದ ತಂದುಕೊಟ್ಟವನು ನಾನೇ ಅನ್ನುವುದನ್ನು ಇಲ್ಲಿ ಹೇಳಬೇಕಾಗುತ್ತದೆ. ದಾರಿಯಲ್ಲಿ ಹಸಿವಾಯಿತು. ಮಂಡಕ್ಕಿ ಒಗ್ಗರಣಿ, ಮೇಲೆ ಎರಡು ಮಿರ್ಚಿ; ಹತ್ತು ನಿಮಿಷದ ಕೆಲಸ. ಅಲ್ಲೊಬ್ಬ ಪರಿಚಯದವನು ಸಿಕ್ಕು ಅದು ಮುಕ್ಕಾಲು ಗಂಟೆಯಾಯಿತು. ಪಾರ್ಸೆಲ್ಲು ಸ್ಕೂಟರಿನ ಸೀಟಿನ ಮೇಲೆ, ಸ್ಕೂಟರು ಮಟಮಟ ಬಿಸಿಲಲ್ಲಿ. ವಾಪಸು ಬಂದು ಕೂತಾಗ ನನ್ನ ತೊಡೆಗೇ ಚುರುಕ್ ಅಂದಿತ್ತು. ಆದರೂ ಹಾಡಿಗೆ ಬಿಸಿಲೇನು ಮಾಡೀತು ಅಂದುಕೊಂಡೆ.

ಪ್ಲೇಟು ತಿರುಗತೊಡಗಿದಾಗ ಬಾಣಲೆಯಲ್ಲಿ ಏಳುವ ಹಪ್ಪಳದಂತೆ ಒಂದು ಅಂಚು ಮೇಲೆದ್ದು ಕೆಳಗಿಳಿಯಿತು. ಸೂಜಿಯ ಕೈ ಅದರ ಬೆನ್ನ ಮೇಲೆ ಎತ್ತಿನ ಗಾಡಿಯಲ್ಲಿ ಕೂತ ಹಾಗೆ ತೂಗಾಡಿತು. ದನಿ ಎಳೆಎಳೆಯಾಗಿ ಅಲುಗಿತು. ಮಾಮನಿಗೆ ಟವಲ್ಲು ತೆಗೆಯಲು ಈ ಸಲ ಎರಡು ಸೆಕೆಂಡೂ ಬೇಕಾಗಲಿಲ್ಲ.

"ಬಾಗೇತಿ," ಅಂದರು. "ಫ್ಯಾಕ್ಟರಿಯಾಗ ಆರೋಕ ಮೊದಲ ಪ್ಯಾಕ್ ಮಾಡ್ಯಾರ ಕಳ್ಳರು. 3,500 ರೂಪಾಯಿ!"

ನಾನು ಸೀಲಿಂಗ್ ನೋಡಿದೆ. ಫ್ಯಾನು ಇನ್ನೂ ನಿಂತೇ ಇತ್ತು. ಅತ್ತಿ ಬಾಗಿಲಲ್ಲಿ ಬಂದು ನಿಂತು ನನ್ನ ಅಂಗಿಯನ್ನೇ ನೋಡಿದರು. ನಿನ್ನೆಯದೇ ಅಂಗಿ. ಜೇಬಿನ ಹತ್ತಿರ ಮಿರ್ಚಿಯ ಎಣ್ಣೆಕಲೆ ರೂಪಾಯಿಯಗಲ. ಅವರು ಏನೂ ಹೇಳಲಿಲ್ಲ. ಗಂಟೆ ಎಷ್ಟಾಯಿತು ಅಂತ ಗೋಡೆ ನೋಡಿದರು. ಅಲ್ಲಿ ಒಂದೂ ಹತ್ತೇ ಆಗಿತ್ತು. ಊಟಕ್ಕೆ ಕೂತಾಗ ನಿಜಕ್ಕೂ ಮೂರು ಹೊಡೆದಿತ್ತು. ಚಟ್ನಿಪುಡಿ ಮಾತ್ರ ಭೇಷಾಗಿತ್ತು, ತಳ ಗಟ್ಟಿಯಾಗಿತ್ತು.

ನಿನ್ನೆ ರಾತ್ರಿ ಮಾಮ ಫೋನು ಮಾಡಿದ್ದರು. ಕಂಪನಿಗೆ ಫೋಟೋ ಸಮೇತ ಜಗಳ ಮಾಡಿ ಗೆದ್ದಿದ್ದಾರಂತೆ, ಬದಲಿ ಪ್ಲೇಟು ಕಳಿಸುತ್ತಿದ್ದಾರಂತೆ. "ಶನಿವಾರ ಬರತೈತಿ. ನೀನ ಹೋಗಿ ತಗೊಂಡು ಬಾ, ನಿನ್ನ ಕೈಗೆ ಆದ್ರ ನನಗ ಭರವಸೆ. ಭಾನುವಾರ ಮೊದಲಿಂದ ನಾಕೂ ಕೇಳೂಣಂತ. ಹೊಟ್ಟಿ ಹಸ್ಕೊಂಡ ಬಾ, ತುಂಬಿದ ಹೊಟ್ಟಿಗೆ ಕಿವಿ ಮಂದ ಆಗತಾವ."