ಬೆಂಕಿ ಗೋಡೆಯ ಆಚೆಗಿರಲಿ

ಇಂಗ್ಲೆಂಡಿನ ಬ್ರಾನ್‌ಸ್ಟನ್ ಬಳಿ, ಗ್ರ್ಯಾಂಡ್ ಯೂನಿಯನ್ ಕಾಲುವೆಯಲ್ಲಿ ನಾವು ಗಂಡಹೆಂಡತಿ ವಾಸವಿರುವ ದೋಣಿಯ ಅಗಲ ಏಳಡಿಗೂ ತುಸು ಕಡಿಮೆ. ಇಲ್ಲಿಯವರು ಇದನ್ನು ನ್ಯಾರೋಬೋಟ್ ಎನ್ನುತ್ತಾರೆ. ಕೊಂಡಾಗಲೇ ಅಡುಗೆ ಮೂಲೆಯ ಗೋಡೆಯ ಮೇಲೆ ಹಳೆಯ ಗ್ಯಾಸ್ ಗೀಸರ್ ಒಂದಿತ್ತು. ನಲ್ಲಿ ತಿರುಗಿಸಿದೊಡನೆ ಹೊತ್ತಿಕೊಂಡು, ಉರಿಯಲು ಬೇಕಾದ ಗಾಳಿಯನ್ನು ಒಳಗಿನಿಂದಲೇ ಎಳೆದುಕೊಳ್ಳುವ ಬಗೆಯದು. ಕಳೆದ ಚಳಿಗಾಲದಲ್ಲಿ ಅದರ ನೀಲಿ ಉರಿಯ ತುದಿ ಹಳದಿಗೆ ತಿರುಗಿತು. ಮುಚ್ಚಳ ಬಿಚ್ಚಿಸಿ ನೋಡಿದಾಗ ತಾಮ್ರದ ತೆಳು ರೆಕ್ಕೆಗಳ ನಡುವೆ ದಟ್ಟವಾಗಿ ಮಸಿ ಕಟ್ಟಿತ್ತು.

ಹಳದಿ ಉರಿ ಎಂದರೆ ಅನಿಲ ಪೂರ್ತಿ ಸುಡುತ್ತಿಲ್ಲ, ಕಾರ್ಬನ್ ಮೋನಾಕ್ಸೈಡ್ ಹುಟ್ಟುತ್ತಿರಬಹುದು ಎಂಬ ಸೂಚನೆ. ಬಣ್ಣವೂ ವಾಸನೆಯೂ ಇಲ್ಲದ ಈ ವಿಷ ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ನಾವು ವಾಸವಿರುವಂಥ ದೋಣಿಗಳಲ್ಲಿ ಅದರ ಅಲಾರಂ 2019ರ ಏಪ್ರಿಲ್‌ನಿಂದ ಕಡ್ಡಾಯ. ನಮ್ಮ ಅಲಾರಂ ಕೂಗಿರಲಿಲ್ಲ; ಕೂಗುವವರೆಗೆ ಕಾಯಲು ನನಗೆ ಮನಸ್ಸಾಗಲಿಲ್ಲ.

ಕೊಳವೆ, ಹೊಗೆಗಿಂಡಿ ಎಲ್ಲ ಸಿದ್ಧವಿರುವಾಗ ಅದೇ ಜಾಗದಲ್ಲಿ ಅಂಥದ್ದೇ ಹೊಸದನ್ನು ಕೂರಿಸಿ ಎಂದು ನೆರೆದೋಣಿಯವರು ಹೇಳಿದರು. ನನಗೆ ನೆನಪಾದದ್ದು ಶಿವಮೊಗ್ಗ ಜಿಲ್ಲೆಯ ಸಾಗರದ ಬಳಿಯ ನಮ್ಮ ಮನೆಯ ಬಚ್ಚಲು. ಅಲ್ಲಿ ತಾಮ್ರದ ಹಂಡೆಯನ್ನು ಮಣ್ಣಿನ ಒಲೆಯಲ್ಲಿ ಹುಗಿದು ಕೂರಿಸಿದ್ದರು, ಒಲೆಯ ಬಾಯಿ ಗೋಡೆಯ ಆಚೆಗಿತ್ತು. ಅಜ್ಜಿ ಹೊರಗೆ ಕುಳಿತು ಒಣಗಿದ ಸೋಗೆ, ತೆಂಗಿನ ಕರಟ ತುರುಕುತ್ತಿದ್ದರೆ ಒಳಗೆ ಮೀಯುತ್ತಿದ್ದ ನಮಗೆ ಬಿಸಿನೀರು ಸಿಗುತ್ತಿತ್ತು, ಹೊಗೆ ತಾಗುತ್ತಿರಲಿಲ್ಲ. ಬೆಂಕಿಗೂ ಉಸಿರಾಡುವವರಿಗೂ ನಡುವೆ ಗೋಡೆ ಇರಬೇಕೆಂಬುದನ್ನು ಆ ಬಚ್ಚಲು ಕಟ್ಟಿದವರು ಯಾವ ನಿಯಮಪುಸ್ತಕವನ್ನೂ ಓದದೆ ಪಾಲಿಸಿದ್ದರು.

ದೋಣಿಯಲ್ಲಿ ಹಂಡೆಗೆ ಹತ್ತಿರವಾದದ್ದು ಕ್ಯಾಲೊರಿಫೈಯರ್. ದಪ್ಪ ಫೋಮಿನ ಹೊದಿಕೆಯ ಈ ತೊಟ್ಟಿಯೊಳಗೆ ಸುರುಳಿ ಕೊಳವೆಯೊಂದಿದ್ದು, ಎಂಜಿನ್ನನ್ನು ತಣಿಸುವ ನೀರು ಅದರಲ್ಲಿ ಹರಿದು ತೊಟ್ಟಿಯ ನೀರನ್ನು ಕಾಯಿಸುತ್ತದೆ. ಹೇಗೂ ಕಾಲುವೆಯ ಪಾಲಾಗುತ್ತಿದ್ದ ಶಾಖ ಸ್ನಾನಕ್ಕೆ ಒದಗುತ್ತದೆ. ಗ್ಯಾಸಿನ ಕೊಳವೆಯನ್ನು ಪರವಾನಗಿಯುಳ್ಳ ಕೆಲಸಗಾರರಿಂದ ಮುಚ್ಚಿಸಿ, 55 ಲೀಟರಿನ ತೊಟ್ಟಿಯನ್ನು ಎಂಜಿನ್ ಪಕ್ಕಕ್ಕೆ ಇಡಿಸಿದೆವು. ಮೊದಲ ದಿನ ಒಂದು ಗಂಟೆ ಎಂಜಿನ್ ಓಡಿದರೂ ತೊಟ್ಟಿ ತಣ್ಣಗೇ ಇತ್ತು, ಏಕೆಂದರೆ ಸುರುಳಿಯಲ್ಲಿ ಗಾಳಿ ಸಿಕ್ಕಿಕೊಂಡಿತ್ತು. ಅದನ್ನು ಹೊರಬಿಟ್ಟ ಮೇಲೆ ಎಂಜಿನ್ ಕಡೆಯ ಕೊಳವೆ ಮುಟ್ಟಲಾಗದಷ್ಟು ಸುಟ್ಟಿತು. ಅದರಿಂದ ಕಾದ ತೊಟ್ಟಿಯ ನೀರು ನೇರವಾಗಿ ನಲ್ಲಿಗೆ ಬಂದರೆ ಮೈ ಬೊಬ್ಬೆಯೇಳುವುದರಿಂದ ತಣ್ಣೀರು ಬೆರೆಸುವ ವಾಲ್ವ್ ಇರಲೇಬೇಕು. ಹಂಡೆಯ ಪಕ್ಕದ ತಣ್ಣೀರ ಬಾನಿಯ ಕೆಲಸವನ್ನು ಅದು ಮಾಡುತ್ತದೆ. ನೀರಿನ ಭಾರವೇ 55 ಕಿಲೋ ಆದದ್ದರಿಂದ ದೋಣಿ ಎಡಕ್ಕೆ ವಾಲಿತು, ಭಾರಕ್ಕೆಂದು ತಳದಲ್ಲಿಟ್ಟಿದ್ದ ಇಟ್ಟಿಗೆಗಳನ್ನು ಬಲಕ್ಕೆ ಸರಿಸಿ ಸಮ ಮಾಡಿಕೊಂಡೆವು.

ಕೊರತೆಯೂ ಇದೆ. ದೋಣಿ ಕಟ್ಟಿ ನಿಂತಾಗ ರಾತ್ರಿ ಎಂಟರಿಂದ ಬೆಳಗ್ಗೆ ಎಂಟರವರೆಗೆ ಎಂಜಿನ್ ಓಡಿಸುವಂತಿಲ್ಲ. ಆಗ ದಂಡೆಯ ಕರೆಂಟ್ ಸಿಕ್ಕರೆ 1 ಕಿಲೋವಾಟ್ ಕಾಯಿಲ್ ಇದೆ, ಆದರೆ 15 ಡಿಗ್ರಿಯ ನೀರನ್ನು 60ಕ್ಕೆ ಏರಿಸಲು ಅದಕ್ಕೆ ಸುಮಾರು ಮೂರು ಗಂಟೆ ಬೇಕು. ಮೊದಲೇ ಕಾಯಿಸಿಟ್ಟುಕೊಳ್ಳುವ ಅಭ್ಯಾಸ ಹಂಡೆಯ ಮನೆಯಲ್ಲಿ ಬೆಳೆದವರಿಗೆ ಹೊಸದಲ್ಲ.

ಇಷ್ಟೆಲ್ಲ ಬರೆಯಲು ಕಾರಣ ಬೆಂಗಳೂರು. ಅಲ್ಲಿ ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿಸಿ ಜೀವ ಕಳೆದುಕೊಂಡವರ ಸುದ್ದಿ ಚಳಿಗಾಲದಲ್ಲಿ ಓದಿದಾಗಲೆಲ್ಲ ಸಂಕಟವಾಗುತ್ತದೆ. ದೋಣಿಗೆ ನಾಲ್ಕು ವರ್ಷಕ್ಕೊಮ್ಮೆ ಸುರಕ್ಷತಾ ತಪಾಸಣೆ ಇದೆ, ನಮ್ಮ ಬಚ್ಚಲುಗಳನ್ನು ಹಾಗೆ ಬಂದು ನೋಡುವವರಿಲ್ಲ. ನನ್ನ ಅಕ್ಕನ ಫ್ಲ್ಯಾಟಿನಲ್ಲೂ ಗೀಸರ್ ಬಚ್ಚಲೊಳಗೇ ಇತ್ತು. ಚಳಿಗಾಳಿ ಬರುತ್ತದೆಂದು ಕಿಟಕಿಗೆ ರಟ್ಟು ಹೊಡೆದಿದ್ದರು. ವಿಡಿಯೋ ಕರೆಯಲ್ಲಿ ಅದನ್ನು ಕಂಡವನೇ, "ಭಾವ, ಮೊದಲು ಆ ರಟ್ಟು ತೆಗೀರಿ, ಗೀಸರನ್ನ ಯುಟಿಲಿಟಿಗೆ ಹಾಕ್ಸಿ" ಎಂದೆ. ರಟ್ಟು ಅಂದೇ ಹೋಯಿತು. ಗೀಸರನ್ನು ಹೊರಗೆ ಸಾಗಿಸಲು ಬೇಕಾದದ್ದು ಹನ್ನೆರಡು ಅಡಿ ಪೈಪು ಮತ್ತು ಪ್ಲಂಬರನ ಅರ್ಧ ದಿನದ ಕೂಲಿ.